ಅತ್ತೆಯ ‘ಬೇಗ’

ನಮ್ಮತ್ತೆ ಕೃಷ್ಣಮ್ಮನವರಿಗೆ ‘ಬೇಗ’ ಅನ್ನದೆ ಉಸಿರಾಡಲು ಬರುತ್ತಿರಲಿಲ್ಲ. ಬೇಗ ಏಳು, ಬೇಗ ಒಲೆ ಹಚ್ಚು. ನೆಂಟರು ಹೊರಟರೆ ‘ಬೇಗ ಬನ್ನಿ’. ಮಾವ ತೀರಿಕೊಂಡಿದ್ದನ್ನೂ ‘ಬೇಗ ಹೋಗ್ಬಿಟ್ರು’ ಎಂದೇ ಹೇಳುತ್ತಿದ್ದರು. ಮದುವೆಯಾಗಿ ಆಲ್ದೂರಿನ ಈ ಮನೆಗೆ ಬಂದ ಮೊದಲ ವಾರವೇ ನನಗೆ ಆ ಮಾತಿನ ಮೇಲೆ ಸಿಟ್ಟು ಹತ್ತಿತ್ತು. ನನ್ನ ಬಾಯಿಯೂ ಸುಮ್ಮನಿರುವಂಥದ್ದಲ್ಲ.

‘ಅವಸರವೇ ಅಪಘಾತಕ್ಕೆ ಕಾರಣ ಅಂತ ಲಾರಿ ಹಿಂದೆ ಬರ್ದಿರ್ತಾರೆ, ನೋಡಿಲ್ವಾ ಅತ್ತೆ?’

‘ಮಳೆ ಬಂದ್ರೆ ಲಾರಿಗೇನಾಗುತ್ತೆ ಮಾರಾಯ್ತಿ? ಕಾಫಿಗಾಗುತ್ತೆ!’

ಅದೂ ಸುಳ್ಳಲ್ಲ. ಕಣದಲ್ಲಿ ಒಣಗುವ ಕಾಫಿ ನೆಂದರೆ ಬೂಷ್ಟು ಹಿಡಿದು ವರ್ಷದ ದುಡಿಮೆ ಹಾಳು. ಅದಕ್ಕೇ ಮೋಡ ಕವಿದು ಕಣದಿಂದ ಕೂಗು ಬಂದರೆ ನಮ್ಮ ಕಡೆ ದಾರಿಹೋಕನೂ ಇಳಿದು ಕೈ ಹಾಕಬೇಕು. ಮಾತು ಬಿಟ್ಟವರೂ ಬರುತ್ತಾರೆ.

ತೊಂಬತ್ತೆಂಟರ ಫೆಬ್ರವರಿ. ಮಧ್ಯಾಹ್ನ ನನ್ನ ಮಗ ಸುಮಂತನನ್ನು ಕಣದ ಮೂಲೆಯಲ್ಲಿ, ಕಾಫಿ ರಾಶಿಯ ಹಿಂದಿನ ನೆರಳಿಗೆ ಗೋಣಿ ಹಾಸಿ ಮಲಗಿಸಿದ್ದೆ. ಆಗಷ್ಟೇ ನಡೆಯಲು ಕಲಿತಿದ್ದ ಕೂಸು. ಪಕ್ಕದಲ್ಲೇ ಅತ್ತೆ ಕಾಫಿ ತಿರುವುತ್ತಿದ್ದರು. ಇದ್ದಕ್ಕಿದ್ದಂತೆ ಬೆಟ್ಟದ ಕಡೆ ಕಪ್ಪಾಯಿತು.

‘ಮೋಡ! ಬೇಗ! ಬೇಗ ಬನ್ರೋ!’

ಆಳು ಕೆಂಚಯ್ಯ ಬಂದ, ಉಳಿದವರೂ ಬಂದರು. ಗ್ಯಾರೇಜಿನ ಖಲೀಲ್ ರಸ್ತೆಯಲ್ಲೇ ಸ್ಕೂಟರ್ ಬಿಟ್ಟು ಓಡಿ ಬಂದರು. ಅತ್ತೆ ನನ್ನನ್ನು ಟಾರ್ಪಾಲು ತರಲು ಕೊಟ್ಟಿಗೆಗೆ ಓಡಿಸಿದರು. ಒಂದನ್ನು ತಂದು ಎಸೆದು ಇನ್ನೊಂದಕ್ಕೆ ಓಡಿದೆ. ಅಷ್ಟರಲ್ಲಿ ಅವರೆಲ್ಲ ಹಲಗೆಗಳಿಂದ ಕಾಫಿ ಎಳೆದು ರಾಶಿಗೆ ಸೇರಿಸಿ, ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿದ್ದರು. ಹನಿ ಬೀಳುತ್ತಿದ್ದಂತೆ ಎಲ್ಲರೂ ಜಗಲಿ ಹತ್ತಿದೆವು.

‘ಗೆದ್ವಿ ಅಮ್ಮಾ!’ ಖಲೀಲ್ ನಗುತ್ತಾ ಮುಖ ಒರೆಸಿಕೊಂಡರು.

‘ಮೇಘಾ, ಮಗು ಎದ್ನಾ?’ ಅತ್ತೆ ನನ್ನನ್ನು ಕೇಳಿದರು.

‘ನೀವು ಎತ್ಕೊಂಡಿಲ್ವಾ?’

‘ಅಯ್ಯೋ, ನೀನಲ್ವಾ ಎತ್ಕೊಂಡಿದ್ದು?’

ಎಲ್ಲರ ಕಣ್ಣೂ ಟಾರ್ಪಾಲಿನ ಮೇಲೆ ನೆಟ್ಟವು. ‘ಬೇಗ ಹೋಗ್ಬಿಟ್ರು’ ಎಂಬ ಆ ಹಾಳು ಮಾತು ನನ್ನ ತಲೆಯೊಳಗೆ ಬಂದು ಕೂತಿತು, ಎಷ್ಟು ತಳ್ಳಿದರೂ ಹೋಗಲಿಲ್ಲ.

ಕೆಂಚಯ್ಯ ಹಲಗೆ ಹಿಡಿದು ಮಳೆಗೆ ಹಾರಿದ.

‘ನಿಲ್ಲೋ!’ ಅತ್ತೆ ಅರಚಿದರು. ‘ಹಲಗೆ ಬಿಸಾಕು! ಯಾರೂ ಮೇಲೆ ಕಾಲಿಡ್ಬೇಡಿ. ಕೂಸು ಎಲ್ಲಿದ್ಯೋ ಏನೋ. ಕೈಯಲ್ಲೇ ತೆಗೀರಿ. ನಿಧಾನ... ನಿಧಾನ...’

ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಟಾರ್ಪಾಲು ಸರಿಸಿ, ಮಂಡಿಯೂರಿ ಬೊಗಸೆಯಲ್ಲಿ ಕಾಫಿ ತೆಗೆದೆವು. ಮಳೆ ರಾಶಿಯ ಮೇಲೆಯೇ ಹೊಯ್ಯುತ್ತಿತ್ತು. ಖಲೀಲ್ ‘ಯಾ ಅಲ್ಲಾ’ ಎನ್ನುತ್ತಲೇ ಇದ್ದರು. ಮೊದಲು ಗೋಣಿಯ ಅಂಚು ಕಂಡಿತು, ಆಮೇಲೆ ಪುಟ್ಟ ಪಾದ. ಈಚೆಯಿಂದ ರಾಶಿಗೆ ಎಳೆದ ಕಾಫಿ ಆಚೆ ಅವನ ಎದೆಯವರೆಗೆ ಜಾರಿತ್ತು. ಮುಖದ ಮೇಲೆ ಮಡಚಿ ಬಿದ್ದ ಗೋಣಿಯೇ ಉಸಿರಿಗೆ ಜಾಗ ಉಳಿಸಿತ್ತು. ಹನಿ ತಾಗಿ ಕಣ್ಣು ಬಿಟ್ಟ, ಕಿಟಾರನೆ ಕಿರುಚಿದ.

‘ನಾನೇ ಕೊಂದ್ಬಿಡ್ತಿದ್ನಲ್ಲೇ!’ ಅತ್ತೆ ಮಗುವನ್ನು ಅವಚಿಕೊಂಡರು. ಬೈಯಬೇಕೆಂದು ಬಾಯಿ ತೆರೆದವಳು ಮಗುವಿನ ಅಂಗಿಯೊಳಗಿನ ಕಾಫಿ ಹೆಕ್ಕತೊಡಗಿದೆ.

ಮುಂದಿನ ವಾರ ಮತ್ತೆ ಮೋಡ. ಕೆಂಚಯ್ಯ ಹಲಗೆ ಹಿಡಿದು ಅತ್ತೆಯ ಕೂಗಿಗೆ ಕಾದು ನಿಂತ. ಅತ್ತೆಯ ತುಟಿ ಅದುರಿತು, ಅಷ್ಟೆ.

‘ಮಗು ನನ್ ಸೊಂಟದ ಮೇಲೇ ಇದೆ ಅತ್ತೆ, ಕೂಗಿ.’

ಅವರು ಬಂದು ಸುಮಂತನ ಕಾಲು ಮುಟ್ಟಿ ನೋಡಿದರು. ಆಗಲೂ ‘ಬೇಗ’ ಅನ್ನಲಿಲ್ಲ. ಹನಿ ಬೀಳತೊಡಗಿತು.

ಕೊನೆಗೆ ನಾನೇ ರಸ್ತೆಯ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದೆ: ‘ಬೇಗ! ಬೇಗ ಬನ್ರೋ!’