ಗುಬ್ಬಿ ಛತ್ರದ ಮುಗಿಯದ ಮದುವೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಬರೆದ ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದು ಯಾರಾದರೂ ಅಂದರೆ ಕೇಳಲೇಬೇಡಿ. 2003ರ ಮಾತಿದು. ಬಿ.ಇ. ಮುಗಿಸಿ ತುಮಕೂರಿನ ಬಿ.ಎಚ್. ರಸ್ತೆಯ ಒಂದು ಪುಟ್ಟ ಕಂಪ್ಯೂಟರ್ ಆಫೀಸಿಗೆ ಸೇರಿದ್ದೆ. ಯಜಮಾನರು ಲಕ್ಷ್ಮೀಕಾಂತ್. ಮುಂದಿನ ಕೋಣೆಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುವವರು, ಹಿಂದಿನ ಕೋಣೆಯಲ್ಲಿ ನಾನು ಮತ್ತು ಸರ್ವರ್. ಆ ಎರಡು ಕೋಣೆಗಳ ನಡುವಿನ ಗೋಡೆಯ ಬಗ್ಗೆ ನನಗೆ ಬಹಳ ಜಂಬವಿತ್ತು.

ರೇವಣಸಿದ್ದಯ್ಯ ಎಂಬುವವರಿಗೆ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಮದುವೆ ಛತ್ರಗಳಿದ್ದವು. ಮೂರಕ್ಕೂ ಒಂದೇ ಅಡುಗೆ ತಂಡ. ಹಾಗಾಗಿ ಯಾವ ಛತ್ರ ಯಾವಾಗ ಖಾಲಿ ಎಂಬುದು ಮೂರೂ ಊರಿನ ಮ್ಯಾನೇಜರುಗಳಿಗೆ ಕಾಣಬೇಕಿತ್ತು. ಅದಕ್ಕೊಂದು ವೆಬ್ ಅಪ್ಲಿಕೇಶನ್ ಬರೆದೆ. ನನ್ನ ಮೊದಲ ಕೆಲಸ. ಸುಳ್ಳು ಹೆಸರಿನ ಇಪ್ಪತ್ತು ಮದುವೆ ಸೇರಿಸಿ ಪರೀಕ್ಷಿಸಿದೆ, ಒಂದೂ ಕೈಕೊಡಲಿಲ್ಲ.

ಕೈಕೊಟ್ಟಿದ್ದು ಗುಬ್ಬಿಯಲ್ಲಿ. ಅಲ್ಲಿನ ಮ್ಯಾನೇಜರ್ ಮಹಾದೇವಯ್ಯನವರಿಗೆ ಅರವತ್ತರ ಹತ್ತಿರ. ಕೀಬೋರ್ಡಿನಲ್ಲಿ ಒಂದೊಂದೇ ಅಕ್ಷರ ಹುಡುಕಿ, ಒಂದೇ ಬೆರಳಲ್ಲಿ ಒತ್ತುವವರು. ಅವರು ಒಂದು ಮದುವೆ ಸೇರಿಸಿ ಎರಡು ನಿಮಿಷವಾಗುವುದರೊಳಗೆ ಇಲ್ಲಿ ಸರ್ವರ್ ಗೊಟಕ್. ಮೂರೂ ಊರಿನ ಪರದೆ ಖಾಲಿ. ಮೆಮೊರಿ ಸಾಲಲಿಲ್ಲ ಎಂಬ ಒಂದು ಸಾಲು ಬರೆದಿಟ್ಟು ಅದು ಪ್ರಾಣ ಬಿಡುತ್ತಿತ್ತು. ಹಿಂದೆಯೇ ಫೋನು.

"ಅಮ್ಮಾ, ಮತ್ತೆ ಹೋಯ್ತು ಕಣಮ್ಮ. ನಾನೇನೂ ಮಾಡ್ಲಿಲ್ಲ."

"ಏನೂ ಮಾಡ್ದೆ ಹೆಂಗ್ ಹೋಗುತ್ತೆ ಸಾರ್?" ಎಂದು ನಾನು ಗದರುತ್ತಿದ್ದೆ.

ಮೆಮೊರಿ ಹೆಚ್ಚಿಸಿದೆ. ಎರಡು ನಿಮಿಷದ ಬದಲು ನಾಲ್ಕು ನಿಮಿಷ ಬದುಕಿತು. ಹೀಗೇ ಒಂದು ತಿಂಗಳು ಕಳೆಯಿತು. ಒಂದು ಶುಕ್ರವಾರ ಲಕ್ಷ್ಮೀಕಾಂತ್ ಸಾರ್ ಕರೆದರು.

"ಸೋಮವಾರ ರೇವಣಸಿದ್ದಯ್ಯನೋರು ಗುಬ್ಬಿಗೆ ಬಂದು ನೋಡ್ತಾರಂತೆ. ಅಷ್ಟ್ರಲ್ಲಿ ಸರಿ ಮಾಡಮ್ಮ ಆಸ್ಮಾ. ತಪ್ಪು ನಿಂದೇ ಆಗಿದ್ರೆ ಮುಂದಿನ ರೂಮಿಗೆ ಬಂದು ಲಗ್ನಪತ್ರಿಕೆ ಟೈಪ್ ಮಾಡ್ಕೊಂಡಿರು."

"ತಪ್ಪು ನಂದಲ್ಲ ಸಾರ್, ಮಹಾದೇವಯ್ಯನೋರ್ದು," ಎಂದುಬಿಟ್ಟೆ.

ಆ ಮಾತು ಸಂಜೆಯೊಳಗೆ ರೇವಣಸಿದ್ದಯ್ಯನವರಿಗೆ ಮುಟ್ಟಿತು. ಹಾಗಿದ್ದರೆ ಸೋಮವಾರವೇ ಮಹಾದೇವಯ್ಯನನ್ನು ಬಿಡಿಸಿ ಕಂಪ್ಯೂಟರ್ ಬಲ್ಲವರನ್ನು ಕೂರಿಸುತ್ತೇನೆ ಎಂದು ಅವರು ತಿರುಗಿ ಹೇಳಿಕಳಿಸಿದರು. ನನಗೆ ಸಮಾಧಾನವಾಯಿತು. ಸುಳ್ಳು ಯಾಕೆ ಹೇಳಲಿ, ನಿಜವಾಗಿಯೂ ಆಯಿತು.

ಸಾಕ್ಷಿ ಬೇಕಲ್ಲ? ಛತ್ರ ತುಂಬಿರುವ ಹೊತ್ತನ್ನು ನನ್ನ ಪ್ರೋಗ್ರಾಮು ಗಂಟೆ ಗಂಟೆಯಾಗಿ ಎಣಿಸುತ್ತಿತ್ತು. ಎಣಿಸಿದ ಒಂದೊಂದು ಗಂಟೆಯನ್ನೂ ಬರೆದಿಡು ಎಂದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ, ಶನಿವಾರ ಬೆಳಿಗ್ಗೆ ಗುಬ್ಬಿ ಬಸ್ಸು ಹತ್ತಿದೆ. ಮಹಾದೇವಯ್ಯನವರ ಹಿಂದೆ ಪೊಲೀಸಿನವಳ ಹಾಗೆ ನಿಂತೆ. ಅವರು ಮದುವೆಯ ತಾರೀಕು ನವೆಂಬರ್ ಹದಿನಾಲ್ಕು ಎಂದು ಒತ್ತಿದರು. ಶುರು, ಸಂಜೆ ಆರು. ಮುಕ್ತಾಯ, ಮಧ್ಯಾಹ್ನ ಮೂರು.

"ನಿಲ್ಲಿ ಸಾರ್! ಸಂಜೆ ಆರಕ್ಕೆ ಶುರುವಾಗಿದ್ದು ಅದೇ ದಿನ ಮಧ್ಯಾಹ್ನ ಮೂರಕ್ಕೆ ಮುಗಿಯುತ್ತಾ? ನಿಮ್ಮ ಗಡಿಯಾರ ಹಿಂದಕ್ಕೆ ಓಡುತ್ತಾ?"

"ಹಿಂದಿನ ದಿನ ಸಂಜೆ ಆರತಕ್ಷತೆ, ಬೆಳಿಗ್ಗೆ ಧಾರೆ, ಊಟ ಆಗಿ ಛತ್ರ ಬಿಡೋದು ಮೂರಕ್ಕೆ. ಎಲ್ಲಾ ಛತ್ರದಲ್ಲೂ ಹಂಗೇ ಅಲ್ವೇನಮ್ಮ?"

"ಹಾಗಾದ್ರೆ ಆರತಕ್ಷತೆನ ಹದಿಮೂರು ಅಂತ ಬೇರೆ ಹಾಕಿ."

"ಅದೆಂಗಾಯ್ತದೆ? ಮದುವೆ ಹದಿನಾಲ್ಕಕ್ಕೆ. ಪತ್ರಿಕೇಲೂ ಅದೇ ಐತೆ. ಹಿಂದಿನ ಸಂಜೇನೂ ಹದಿನಾಲ್ಕರ ಲೆಕ್ಕಕ್ಕೇ ಕಣಮ್ಮ."

ಉಳಿದೆರಡು ಊರಿನವರು ಆರತಕ್ಷತೆಯನ್ನೂ ಧಾರೆಯನ್ನೂ ಬೇರೆ ಬೇರೆಯಾಗಿ ಸೇರಿಸುತ್ತಿದ್ದರು. ಈ ಮನುಷ್ಯ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಮದುವೆ ಹಾಗೇ ಸೇರಿತು, ಸರ್ವರ್ ಮತ್ತೆ ಹೋಯಿತು. ತಲೆ ಚಚ್ಚಿಕೊಂಡು ವಾಪಸು ಬಂದೆ.

ಆಫೀಸಿನಲ್ಲಿ ಸರ್ವರ್ ಬರೆದಿಟ್ಟಿದ್ದನ್ನು ನೋಡಿ ನಗು ತಡೆಯಲಾಗಲಿಲ್ಲ. ಹದಿನಾಲ್ಕರ ಸಂಜೆ ಆರರಿಂದ ಅದು ಒಂದೊಂದೇ ಗಂಟೆ ಎಣಿಸುತ್ತಾ ಅದೇ ಹದಿನಾಲ್ಕರ ಮಧ್ಯಾಹ್ನ ಮೂರನ್ನು ಹುಡುಕುತ್ತಾ ಹೊರಟಿತ್ತು. ಆ ಮೂರು ಗಂಟೆ ಆಗಲೇ ಕಳೆದುಹೋಗಿತ್ತಲ್ಲ, ಸಿಗುವುದೆಲ್ಲಿ? ಡಿಸೆಂಬರ್ ದಾಟಿ, ವರ್ಷ ದಾಟಿ, ಗುಬ್ಬಿಯ ಆ ಮದುವೆಯನ್ನು 2070ರವರೆಗೆ ನಡೆಸಿ, ಅಷ್ಟೂ ಗಂಟೆಗಳನ್ನು ತಲೆಯಲ್ಲಿ ಇಟ್ಟುಕೊಳ್ಳಲಾಗದೆ ಸತ್ತಿತ್ತು. ಗಂಡು ಹೆಣ್ಣು ಮುಪ್ಪಾಗಿ ಹೋದರೂ ಛತ್ರ ಖಾಲಿಯಾಗಿರಲಿಲ್ಲ. ಆ ಪುಟಗಳನ್ನು ಮುದ್ರಿಸಿ ಚೀಲಕ್ಕೆ ಹಾಕಿಕೊಂಡೆ. ಸಾಕ್ಷಿ ಸಿಕ್ಕಿತ್ತು.

ಭಾನುವಾರ ಸಂಜೆ ನಮ್ಮ ಬೀದಿಯವರೆಲ್ಲ ಮಹಡಿ ಮೇಲಿದ್ದರು. ರಂಜಾನಿನ ಚಂದ್ರ ಕಂಡಿತು. ಅಮ್ಮಿ ಕೆಳಗಿಳಿದವರೇ ಅವಸರ ಮಾಡತೊಡಗಿದರು. ಮನೆಯಲ್ಲಿ ನಮ್ಮದು ಉರ್ದು, ಕನ್ನಡದಲ್ಲಿ ಹೇಳುತ್ತೇನೆ.

"ಬೇಗ ಕೈಕಾಲು ಮುಖ ತೊಳೆದು ವಜೂ ಮಾಡೇ, ಈ ರಾತ್ರಿಯಿಂದಲೇ ರಂಜಾನಿನ ತರಾವೀಹ್ ನಮಾಜು."

"ರೋಜಾ ಉಪವಾಸ ನಾಳೆಯಿಂದ ತಾನೆ ಅಮ್ಮಿ?"

"ಇಷ್ಟು ಓದಿ ಇದೂ ಗೊತ್ತಿಲ್ವಾ? ನಮ್ಮ ದಿನ ಸೂರ್ಯ ಮುಳುಗಿ ಮಗ್ರಿಬ್ ಆದಾಗಲೇ ಶುರು. ರಾತ್ರಿ ಮೊದಲು, ಹಗಲು ಆಮೇಲೆ. ಈ ಸಂಜೆ ನಾಳೆಯ ಲೆಕ್ಕಕ್ಕೇ ಸೇರಿದ್ದು."

ಬಕೆಟ್ಟಿನ ಮುಂದೆ ಕೂತವಳು ಕೈ ನೀರಲ್ಲೇ ಬಿಟ್ಟೆ. ಈ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನಿನ್ನೆ ಮಹಾದೇವಯ್ಯನವರ ಬಾಯಲ್ಲಿ ಇದನ್ನೇ ಕೇಳಿ ಅವರ ಗಡಿಯಾರವನ್ನು ಆಡಿಕೊಂಡಿದ್ದೆ. ನಾನು ಪರೀಕ್ಷಿಸಿದ ಇಪ್ಪತ್ತು ಮದುವೆಗಳೂ ನೆನಪಾದವು. ಇಪ್ಪತ್ತೂ ನಮ್ಮವರ ನಿಕಾಹ್. ಹನ್ನೊಂದಕ್ಕೆ ಬಂದು, ಬಿರಿಯಾನಿ ತಿಂದು, ಐದಕ್ಕೆ ಮನೆ ಸೇರುವ ಮದುವೆಗಳು. ನೂರಾರು ಆರತಕ್ಷತೆಗಳಲ್ಲಿ ಉಂಡಿದ್ದೆ, ಒಂದನ್ನೂ ಪ್ರೋಗ್ರಾಮಿಗೆ ತೋರಿಸಿರಲಿಲ್ಲ. ತಪ್ಪು ನನ್ನದೇ.

ಸೋಮವಾರ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಸಿ ಮೂರು ಸಾಲು ಬರೆದೆ. ಮುಗಿಯುವ ಹೊತ್ತು ಶುರುವಿಗಿಂತ ಮೊದಲಿದ್ದರೆ ಹಿಂದಿನ ದಿನದ ಸಂಜೆಯಿಂದ ಎಣಿಸು, ಮದುವೆಯ ತಾರೀಕು ಮುಟ್ಟಬೇಡ. ಅಷ್ಟೇ. ಗುಬ್ಬಿ ತಲುಪುವ ಹೊತ್ತಿಗೆ ರೇವಣಸಿದ್ದಯ್ಯನವರು ಬಂದು ಕೂತಿದ್ದರು. ಮಹಾದೇವಯ್ಯ ಆ ಹದಿನಾಲ್ಕರ ಮದುವೆಯನ್ನೇ ಮತ್ತೆ ಸೇರಿಸಿದರು. ಎರಡು ನಿಮಿಷವಾಯಿತು. ನಾಲ್ಕಾಯಿತು. ಹತ್ತಾದರೂ ಪರದೆ ಅಲ್ಲಾಡಲಿಲ್ಲ.

"ಅಂತೂ ಇವನ ತಪ್ಪು ತಿದ್ದಿದ್ಯಲ್ಲ, ಭೇಷ್ ಕಣಮ್ಮ," ಎಂದರು ರೇವಣಸಿದ್ದಯ್ಯ.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಚೀಲದಲ್ಲಿದ್ದ ಪುಟಗಳನ್ನು ತೆಗೆದು ಅವರ ಮುಂದಿಟ್ಟೆ.

"ಅವರು ಮೊದಲಿಂದ್ಲೂ ಸರಿಯಾಗೇ ಬರೀತಿದ್ರು ಸಾರ್. ತಪ್ಪು ನಂದು."

ಅವರು ನನ್ನನ್ನೊಮ್ಮೆ, ಮಹಾದೇವಯ್ಯನವರನ್ನೊಮ್ಮೆ ನೋಡಿದರು. "ಇವನು ಇಲ್ಲೇ ಇರ್ಲಿ. ಲಕ್ಷ್ಮೀಕಾಂತಂಗೆ ಹೇಳ್ತೀನಿ ಬುಡು," ಎಂದು ಎದ್ದು ಹೋದರು. ಹೇಳಿದರು ಕೂಡ. ಆ ರಂಜಾನ್ ಪೂರ್ತಿ ನಾನು ಮುಂದಿನ ಕೋಣೆಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿದೆ.

ಆದರೆ ಅವತ್ತು ಅವರು ಹೋದ ಮೇಲೆ ಮಹಾದೇವಯ್ಯನವರು ಕುರ್ಚಿ ಹಿಂದಕ್ಕೆ ಸರಿಸಿ ಬಗ್ಗಿದರು. ಮೇಜಿನ ಕೆಳಗಿನ ಚೀಲದಿಂದ ರಟ್ಟು ಹಾಕಿದ ನೋಟ್‌ಬುಕ್ ಒಂದನ್ನು ತೆಗೆದರು. ಕೀಬೋರ್ಡಿನ ಚಿತ್ರ, ಕೆಳಗೆ ದುಂಡಗಿನ ಅಕ್ಷರದಲ್ಲಿ ಪಾಠ.

"ನನ್ ಕೈಲೇ ಏನೋ ಕೆಡ್ತೈತೆ ಅನ್ಕೊಂಡಿದ್ದೆ ಕಣಮ್ಮ. ಮನೇಲೂ ಹೇಳ್ದೆ ತಿಂಗ್ಳಿಂದ ಕಂಪ್ಯೂಟರ್ ಕ್ಲಾಸಿಗೆ ಹೋಯ್ತಿದೀನಿ. ಎಲ್ಲಾ ಹೈಸ್ಕೂಲ್ ಮಕ್ಳು. ತಾತ ಅಂತವೆ."

ನನಗೆ ಅಳು ಬಂತು. ಕ್ಷಮಿಸಿ ಎಂದೆ, ಸರಿಯಾಗಿ ಕೇಳಿಸಿತೋ ಇಲ್ಲವೋ.

"ಇನ್ನು ಹೋಗೋದು ಬೇಡ ಸಾರ್," ಎಂದೆ.

"ಏ, ಶನಿವಾರ ಪರೀಕ್ಷೆ ಐತೆ, ಬಿಡಕ್ಕಾಯ್ತದಾ?" ಎಂದು ಮಹಾದೇವಯ್ಯ ಕುರ್ಚಿಯೊಂದನ್ನು ಪಕ್ಕಕ್ಕೆ ಎಳೆದರು. "ಕೂತ್ಕೊ. ಎರಡೂ ಕೈಲಿ ಹೆಂಗ್ ಒತ್ತೋದು ಅಂತ ತೋರ್ಸು."