ಮಾವನ ಪೆಟ್ಟಿಗೆ ಒಲೆ

ಸಂದಿಯಲ್ಲಿ ನುಸುಳುವ ಗಾಳಿಯೆಂದರೆ ನಮ್ಮ ಮಾವನಿಗೆ ಆಗದು. ಅವರ ಕೆಲಸವೇ ಹಾಗಿತ್ತು. ಮದ್ದುಗುಂಡಿನ ಉಗ್ರಾಣದಲ್ಲಿ ಪೆಟ್ಟಿಗೆಗಳ ಮುಚ್ಚಳ ಪರೀಕ್ಷಿಸುತ್ತಲೇ ತಲೆ ಬೆಳ್ಳಗಾಗಿಸಿಕೊಂಡವರು. ಅಂಚಿನ ರಬ್ಬರ್ ಪಟ್ಟಿ ಸರಿಯಿದೆಯೇ, ಕೊಂಡಿ ಬಿಗಿಯಾಗಿದೆಯೇ, ತೇವ ಹೋಗುವ ಸಂದು ಎಲ್ಲಾದರೂ ಇದೆಯೇ ಎಂದು ನೋಡುವುದು. ಇದ್ದರೆ ಸೀಮೆಸುಣ್ಣದಲ್ಲಿ ದೊಡ್ಡ ಕತ್ತರಿ ಗುರುತು ಹಾಕಿ ಆಚೆ ತಳ್ಳುವುದು. ನಿವೃತ್ತಿಯಾದ ಮೇಲೆ ಪೆಟ್ಟಿಗೆಗಳು ಸಿಗದೆ ನಮ್ಮ ಮನೆಯನ್ನು ಹಿಡಿದುಕೊಂಡರು. ಸಕ್ಕರೆ ಡಬ್ಬವನ್ನು ಅವರು ಮುಚ್ಚಿದರೆ ಮುಗಿಯಿತು. ನಾನು ಚಮಚದ ಹಿಡಿಯಿಂದ ಮೀಟಿ, ಬಾಯಿಗೆ ಬಂದಂತೆ ಬೈದು, ಕೊನೆಗೆ ಅವರನ್ನೇ ಕರೆಯಬೇಕು. ಬಂದು ತೆಗೆದುಕೊಟ್ಟು, ಮತ್ತೆ ಅಷ್ಟೇ ಬಿಗಿಯಾಗಿ ಮುಚ್ಚಿ ಹೋಗುತ್ತಾರೆ.

ಈ ಬೇಸಿಗೆಯಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಒಂದು ಕಾಲಕ್ಕೆ ಇಡೀ ಬೀದಿಯ ಬಾಯಿ ಮುಚ್ಚಿಸುತ್ತಿದ್ದ ಹೆಂಗಸು ಒಂದೊಂದೇ ಶಬ್ದಕ್ಕೆ ಬಂದು ನಿಂತರು. ಆ ಒಂದು ಶಬ್ದ ಹೊರಡಲೂ ಹೊತ್ತು ಬೇಕು, ಕಾಯುವವರಿಗೆ ತಾಳ್ಮೆ ಬೇಕು. ನನಗೆ ಅದು ಹುಟ್ಟಿನಿಂದಲೇ ಕಡಿಮೆ.

ಮುಂದಿನ ಕೋಣೆ ನನ್ನ ಹೊಲಿಗೆ ಅಂಗಡಿ. ನಾವು ಮಲಗುವುದು ಮಹಡಿಯಲ್ಲಿ. ಹಾಗಾಗಿ ಅತ್ತೆಗೆ ಹಿಂದಿನ ಕೋಣೆಯೇ ಗತಿ. ಬಚ್ಚಲು ಪಕ್ಕದಲ್ಲೇ ಇದೆ, ಗಾಲಿಕುರ್ಚಿ ಬಾಗಿಲು ದಾಟುತ್ತದೆ, ಅಷ್ಟರ ಮಟ್ಟಿಗೆ ಅನುಕೂಲ. ಆದರೆ ಬಿಸಿಲು ಆ ಕಡೆ ತಲೆ ಹಾಕುವುದಿಲ್ಲ. ಚಳಿಗಾಲ ಬಂತೆಂದರೆ ಕಲ್ಲಿನ ನೆಲದ ಮೇಲೆ ಬರಿಗಾಲಿಡುವಂತಿಲ್ಲ. ಕರೆಂಟು ಇದ್ದಾಗ ಹೀಟರ್ ಉರಿಯುತ್ತದೆ, ಕರೆಂಟು ಯಾವಾಗ ಇರುತ್ತದೆಂದು ಕರೆಂಟಿನವರಿಗೂ ಗೊತ್ತಿಲ್ಲ. ಅತ್ತೆಯ ಎದೆಯಲ್ಲಿ ಒಮ್ಮೆ ಕಫ ಕಟ್ಟಿ ಆಸ್ಪತ್ರೆಗೆ ಹೋಗಿ ಬಂದದ್ದೂ ಆಗಿತ್ತು. ಇನ್ನೊಮ್ಮೆ ಹಾಗಾದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು.

ನನ್ನ ಗಂಡ ಬಸ್ ನಿಲ್ದಾಣದ ಟೈಂಕೀಪರ್. ಯಾವುದು ಯಾವಾಗ ಹೊರಡಬೇಕೆಂದು ಅವರೇ ನಿರ್ಧರಿಸುವುದು, ಮನೆಯಲ್ಲೂ ಅದೇ ಅಭ್ಯಾಸ. ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟರು.

“ಊರಾಚೆ ಆರೈಕೆ ಮನೆ ಇದೆಯಲ್ಲ, ಅಲ್ಲಿ ವಿಚಾರಿಸಿದೀನಿ. ಚಳಿ ಮುಗಿಯೋವರೆಗೂ ಅಮ್ಮ ಅಲ್ಲಿರಲಿ.”

“ಅಲ್ಲಿಗೆ ಹೋದವರು ವಾಪಸ್ ಬಂದಿದ್ದನ್ನ ನಾನು ನೋಡಿಲ್ಲ,” ಅಂದರು ಮಾವ.

“ಹಾಗಾದ್ರೆ ಆ ಕೋಣೆ ಬೆಚ್ಚಗೆ ಮಾಡಿ ತೋರಿಸಿ ಅಪ್ಪ. ನನಗೇನು ಅಮ್ಮನ್ನ ಕಳಿಸೋಕೆ ಖುಷೀನಾ?”

ಗಾಲಿಕುರ್ಚಿಯಲ್ಲಿದ್ದ ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಸುಳ್ಳು ಯಾಕೆ ಹೇಳಲಿ, ನನಗೆ ಎರಡೂ ಕಡೆ ಮನಸ್ಸಿತ್ತು. ಅವರನ್ನು ಎತ್ತಿ, ಒರೆಸಿ, ಹೊರಳಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಆದರೂ ಆ ತಿರುಗಿದ ಮುಖ ನೋಡಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ.

ಮಾರನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಗಡಗಡ ಸದ್ದು. ಮಾವ ತಮ್ಮ ಸುತ್ತಿಗೆ, ಸ್ಪ್ಯಾನರುಗಳನ್ನೆಲ್ಲ ನೆಲಕ್ಕೆ ಸುರಿದು, ಅವು ಇದ್ದ ಪೆಟ್ಟಿಗೆಯನ್ನು ಖಾಲಿ ಮಾಡಿದ್ದರು. ಉಗ್ರಾಣದಿಂದ ಬರುವಾಗ ತಂದ ಹಳೆಯ ಮದ್ದುಗುಂಡಿನ ಪೆಟ್ಟಿಗೆ ಅದು. ದಪ್ಪ ತಗಡು, ಹಸಿರು ಬಣ್ಣ, ಎರಡು ಕೊಂಡಿ, ನಾನು ಎರಡು ಕೈಯಲ್ಲಿ ಎತ್ತಿದರೂ ಅಲುಗದಷ್ಟು ಭಾರ.

“ಇದನ್ನ ಮಗ್ಗುಲಿಗೆ ಮಲಗಿಸಿದ್ರೆ ಮುಚ್ಚಳವೇ ಒಲೆ ಬಾಗಿಲು. ಹಿಂದೆ ಹೊಗೆ ಕೊಳವೆ, ಕೆಳಗೆ ನಾಲ್ಕು ಕಾಲು. ಸೌದೆ ಹಾಕಿದ್ರೆ ಕೋಣೆ ಬೆಚ್ಚಗಾಗುತ್ತೆ,” ಅಂದರು.

“ಜೀವಮಾನವೆಲ್ಲ ಇದರ ಹತ್ತಿರ ಬೀಡಿ ಹಚ್ಚಿದವರನ್ನ ಅಟ್ಟಿಸ್ಕೊಂಡು ಹೋದವರು ನೀವು. ಈಗ ಇದರೊಳಗೇ ಬೆಂಕಿ ಹಾಕ್ತೀರಾ?” ಅಂದೆ.

ನಗಲಿಲ್ಲ. ಮಾವನಿಗೆ ನನ್ನ ಹಾಸ್ಯ ತಲುಪಲು ಒಂದು ಹಗಲು ಬೇಕು.

ಬೀದಿ ತುದಿಯ ವೆಲ್ಡರ್ ಹಳೆಯ ಮಂಚದ ಕಬ್ಬಿಣ ಕತ್ತರಿಸಿ ಕಾಲು ಬೆಸೆದುಕೊಟ್ಟ. ಹೊಗೆ ಕೊಳವೆಗೆ ಮಾವ ನೀರಿನ ಪೈಪು ತೆಗೆದುಕೊಂಡು ಹೋಗಿದ್ದರು. “ಅಜ್ಜ, ಇದಕ್ಕೆ ಸತುವಿನ ಲೇಪ ಇದೆ. ಕಾದರೆ ವಿಷದ ಹೊಗೆ ಬರುತ್ತೆ. ಬರೀ ಕಬ್ಬಿಣದ್ದು ಹಾಕಿ,” ಎಂದು ಅವನೇ ಬೇರೆ ಕೊಟ್ಟ. ಹಿತ್ತಲಲ್ಲಿ ಹಸಿರು ಬಣ್ಣವನ್ನು ಸುಟ್ಟು ಕೆರೆದದ್ದಾಯಿತು. ಕೊಳವೆ ಕೂತ ಜಾಗದ ಸುತ್ತ ಬೆಂಕಿ ತಡೆಯುವ ಸಿಮೆಂಟು ಮೆತ್ತಿದ್ದಾಯಿತು. ಒಳಗೆ ತಳಕ್ಕೆ ಮರಳು, ಅದರ ಮೇಲೆ ಇಟ್ಟಿಗೆ. ಕೆಲಸ ಎಷ್ಟು ನಾಜೂಕೆಂದರೆ ನಾನು ಕಾಲರ್ ಹೊಲಿದಂತಿತ್ತು.

ಹಿತ್ತಲಲ್ಲೇ ಮೊದಲ ಬೆಂಕಿ ಹಾಕಿದರು. ಚಕ್ಕೆಗಳು ಧಗ್ಗೆಂದವು. ಮಾವ ಮುಚ್ಚಳ ಹಾಕಿ ಕೊಂಡಿ ಬಿಗಿದು, ಹಳೆಯ ರೂಢಿಯಂತೆ ಎರಡು ಸಲ ಜಗ್ಗಿ ನೋಡಿದರು. ಸ್ವಲ್ಪ ಹೊತ್ತಿಗೆ ಸುಟ್ಟ ರಬ್ಬರಿನ ನಾತ ಹಬ್ಬಿ ಪಕ್ಕದ ಮನೆಯ ಪೋಸ್ಟ್‌ಮ್ಯಾನ್ ಗೋಡೆ ಮೇಲಿಂದ ಇಣುಕಿದ. ತೆಗೆದು ನೋಡಿದರೆ ಬೆಂಕಿ ಸತ್ತಿತ್ತು.

“ಮಾವ, ಆ ರಬ್ಬರ್ ಪಟ್ಟಿ ಇನ್ನೂ ಯಾಕೆ ಇಟ್ಟಿದೀರಿ? ಅಲ್ಲಾ, ಗಾಳಿಗೆ ತೂತೆಲ್ಲಿ?”

“ತೂತು ಮಾಡಿದ್ರೆ ಪೆಟ್ಟಿಗೆ ಕೆಟ್ಟ ಹಾಗೇ ಅಲ್ವೇನಮ್ಮಾ?”

“ಇದು ಒಲೆ! ಇದಕ್ಕೆ ಉಸಿರು ಬೇಕು!” ಎಂದು ನಾನು ಕೂಗಿದ್ದು ಬೀದಿಗೆ ಕೇಳಿರಬೇಕು.

ಅವರು ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಮಾರನೆಯ ದಿನ ನಾನು ಕದ್ದು ನೋಡಿದೆ. ಮಾವ ರಬ್ಬರ್ ಪಟ್ಟಿಯನ್ನು ಕಿತ್ತು ಮಡಿಚಿಟ್ಟರು. ಆಮೇಲೆ ನನ್ನ ಹೊಲಿಗೆ ಮೇಜಿನಿಂದ ಸೀಮೆಸುಣ್ಣ ತಂದು ಮುಚ್ಚಳದ ಮೇಲೆ ದೊಡ್ಡದಾಗಿ ಕತ್ತರಿ ಗುರುತು ಹಾಕಿದರು. ತಮ್ಮ ಪೆಟ್ಟಿಗೆಯನ್ನು ತಾವೇ ತಿರಸ್ಕರಿಸಿದ ಮೇಲಷ್ಟೇ ಡ್ರಿಲ್ ಕೈಗೆತ್ತಿಕೊಂಡು, ಆ ಗುರುತಿನ ಕೆಳಗೆ ಸಾಲಾಗಿ ತೂತು ಕೊರೆದರು. ನನಗೆ ನಗು ಬಂತು, ಅದರ ಹಿಂದೆಯೇ ಅಯ್ಯೋ ಅನ್ನಿಸಿತು.

ಒಲೆ ಹಿಂದಿನ ಕೋಣೆಗೆ ಬಂತು. ಕೊಳವೆ ಗೋಡೆಯಿಂದ ಹೊರಬಿದ್ದು ಸೂರಿನ ಮೇಲೆ ತಲೆಯೆತ್ತಿತು. ಮೊದಲ ದಿನವೇ ಕೋಣೆ ಹದವಾಗಿ ಬೆಚ್ಚಗಾಯಿತು. ಅತ್ತೆ ಎಡಗೈಯನ್ನು ಕಂಬಳಿಯಿಂದ ಹೊರಗೆ ಹಾಕಿ ಒಲೆಯ ಕಡೆ ಚಾಚಿದರು. “ಬಿಸಿ,” ಅಂದರು. ಮಾವನ ಮುಖ ನೋಡಬೇಕಿತ್ತು. ಸಂಜೆ ಗಂಡ ಬಂದು ಗೋಡೆ ಮುಟ್ಟಿ, ನೆಲ ಮುಟ್ಟಿ, “ಹೂಂ. ನೋಡೋಣ,” ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ನೋಡುವ ದಿನ ಬೇಗನೇ ಬಂತು. ಜೋರು ಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ ನಾನು ಹೊಲಿದ ಕೋಟುಗಳನ್ನು ಕೊಡಲು ಹೋಗಿದ್ದೆ. ಬಂದವಳು ಹಿಂದಿನ ಕೋಣೆಯ ಬಾಗಿಲು ತಳ್ಳಿದರೆ ತೆರೆಯಲಿಲ್ಲ. ಭುಜ ಕೊಟ್ಟು ನೂಕಿದೆ. ಬಾಗಿಲ ಕೆಳಗೆ ಸುತ್ತಿ ತುರುಕಿದ್ದ ಹಳೆಯ ಸೀರೆ ಸರಿಯಿತು. ಕಿಟಕಿಯ ಸಂದುಗಳಿಗೆಲ್ಲ ಕಾಗದದ ಪಟ್ಟಿ ಅಂಟಿಸಿ, ಮೇಲೆ ಪುಟ್ಟಿ ಬಳಿದು, ಬೆರಳಿನಿಂದ ನುಣ್ಣಗೆ ಒರೆಸಿದ್ದರು. ಮಾವ ಅತ್ತೆಯ ಹಾಸಿಗೆಯ ಅಂಚಿಗೆ ತಲೆಯಿಟ್ಟು ತೂಕಡಿಸುತ್ತಿದ್ದರು. ಅತ್ತೆಯ ಕಣ್ಣು ಅರೆ ತೆರೆದಿತ್ತು. “ತಲೆ,” ಅಂದರು. “ತಲೆ...”

ಪೋಸ್ಟ್‌ಮ್ಯಾನನನ್ನು ಹೆಸರು ಹಿಡಿದು ಕೂಗಿದೆನೋ, ಅಯ್ಯೋ ಎಂದು ಕೂಗಿದೆನೋ ಗೊತ್ತಿಲ್ಲ. ಅವನು ಓಡಿ ಬಂದ. ಇಬ್ಬರೂ ಸೇರಿ ಅತ್ತೆಯನ್ನು ಹಾಸಿಗೆಯ ಸಮೇತ ಅಂಗಳಕ್ಕೆ ಎಳೆದೆವು. ಮಾವನನ್ನು ಹೊರಗೆ ತಂದು ಕೂರಿಸಿದರೆ ವಾಂತಿ ಮಾಡಿಕೊಂಡರು.

ಆಸ್ಪತ್ರೆಯಲ್ಲಿ ಇಬ್ಬರ ಮೂಗಿಗೂ ಆಮ್ಲಜನಕ ಹಾಕಿದರು. ಡಾಕ್ಟರು ನನ್ನ ಗಂಡನಿಗೆ ವಿವರಿಸಿದರು. “ಹೊರಗಿನ ಗಾಳಿ ಬರದೇ ಇದ್ರೆ ಹೊಗೆ ಮೇಲೆ ಹೋಗಲ್ಲ. ವಿಷಗಾಳಿ ಕೋಣೆಯಲ್ಲೇ ತುಂಬುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಇವರು ಇನ್ನೊಂದು ಸ್ವಲ್ಪ ತಡವಾಗಿ ಬಂದಿದ್ರೆ...” ಎಂದು ನನ್ನನ್ನು ತೋರಿಸಿದರು.

ಗಂಡ ಅಪ್ಪನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊರಗೆ ಹೋಗಿ ಆರೈಕೆ ಮನೆಗೆ ಫೋನು ಮಾಡಿ ಬಂದರು. “ನಾಳಿದ್ದು ಬೆಳಿಗ್ಗೆ ಗಾಡಿ ಬರುತ್ತೆ,” ಎಂದಷ್ಟೇ ಹೇಳಿದರು.

ಮನೆಗೆ ಬಂದ ಮೇಲೆ ಅತ್ತೆಯ ಹಾಸಿಗೆಯನ್ನು ನನ್ನ ಅಂಗಡಿಯಲ್ಲಿ, ಬಟ್ಟೆಯ ರಾಶಿಯ ಮಧ್ಯೆ ಹಾಕಿದೆವು. ಮಾವ ಅಡುಗೆಮನೆಯ ಹೊಸ್ತಿಲಲ್ಲಿ ಕೂತರು.

“ನಾನೇ ಅವಳನ್ನ ಕೊಲ್ತಿದ್ದೆ,” ಅಂದರು.

“ಹೌದು,” ಅಂದೆ. “ಜೊತೆಗೆ ನಿಮ್ಮನ್ನೂ. ಯಾರು ಹೇಳಿದ್ರು ನಿಮಗೆ ಸಂದು ಮುಚ್ಚೋಕೆ?”

“ಗಾಳಿ ಬೀಸ್ತಿತ್ತು. ಅವಳು ಚಳಿ ಅಂದ್ಲು. ಕೈ ತಾನಾಗೇ ಹೋಯ್ತು.”

ಸಮಾಧಾನ ಹೇಳಬೇಕಾದ ಹೊತ್ತದು. ನನಗೆ ಬಂದದ್ದು ಸಿಟ್ಟು, ಆಮೇಲೆ ಅಳು. ಪಾತ್ರೆ ಕುಕ್ಕಿ ಕುಕ್ಕಿ ತೊಳೆದೆ.

ಮಾರನೆಯ ದಿನವೆಲ್ಲ ಹಿಂದಿನ ಕೋಣೆಯಲ್ಲಿ ಉಳಿಯ ಏಟು. ಮಾವ ಪುಟ್ಟಿಯನ್ನೆಲ್ಲ ಕೆರೆದು ಹಾಕಿದ್ದರು. ಒಲೆಯ ಹಿಂದೆ, ನೆಲದ ಸಮೀಪ, ಗೋಡೆಯನ್ನು ಆಚೆಗೂ ಈಚೆಗೂ ಕೊರೆದು, ಹೊರಗಿನ ಗಾಳಿ ನೇರ ಪೆಟ್ಟಿಗೆಯೊಳಕ್ಕೆ ಹೋಗುವಂತೆ ಪೈಪು ಕೂರಿಸಿದ್ದರು. ಕಿಟಕಿಯ ಮೇಲಿನ ಗಾಜನ್ನು ಪೂರ್ತಿ ತೆಗೆದು ತಂತಿ ಬಲೆ ಹೊಡೆಯುತ್ತಿದ್ದರು.

“ಗಾಜು ಒಂಚೂರು ತೆರೆದಿಟ್ರೆ ಸಾಕಿತ್ತಲ್ಲ ಮಾವ?”

“ಬೇಡ. ಮುಚ್ಚೋಕೇ ಆಗಬಾರದು. ನನ್ನ ಕೈಯನ್ನ ನಾನು ನಂಬಲ್ಲಮ್ಮ,” ಅಂದರು.

ಗಂಡ ಬಾಗಿಲಲ್ಲಿ ನಿಂತು ನೋಡಿದರು. “ಅಪ್ಪ, ಇದೆಲ್ಲ ಇನ್ನು ಯಾಕೆ? ಗಾಡಿಗೆ ಹೇಳಿ ಆಗಿದೆ.”

“ಗಾಡಿ ಬರಲಿ. ನಮ್ಮ ಉಗ್ರಾಣದಲ್ಲಿ ಒಂದು ಕ್ರಮ ಇತ್ತು. ಒಮ್ಮೆ ಬೇಡ ಅಂದ ಪೆಟ್ಟಿಗೆಯನ್ನ ರಿಪೇರಿ ಮಾಡಿ ಮತ್ತೆ ಪಾಸು ಮಾಡಿದವನೇ ಅದರ ಪಕ್ಕದಲ್ಲಿ ಮೊದಲು ಕಾವಲು ನಿಲ್ಲಬೇಕು. ನಾಳೆ ಬೆಳಕು ಹರಿದ ಕೂಡಲೇ ಬೆಂಕಿ ಹಾಕಿ, ಬಾಗಿಲು ಹಾಕ್ಕೊಂಡು ಒಳಗೆ ನಾನು ಕೂರ್ತೀನಿ. ಗಾಡಿ ಬರೋವರೆಗೂ. ಆಮೇಲೆ ನಿನ್ನಿಷ್ಟ.”

ಗಂಡ ಚಪ್ಪಲಿ ಮೆಟ್ಟಿ ಹೊರಟರು. ಕತ್ತಲಾಗುವ ಮೊದಲು ಅಂಗೈಯಗಲದ ಒಂದು ಬಿಳಿ ಡಬ್ಬಿ ಹಿಡಿದು ಬಂದರು. ವಿಷಗಾಳಿ ಬಂದರೆ ಕಿರುಚುವ ಅಲಾರಂ. ಯಾರ ಮುಖವನ್ನೂ ನೋಡದೆ ಹಿಂದಿನ ಕೋಣೆಯ ಗೋಡೆಗೆ ಮೊಳೆ ಹೊಡೆದು, ಮಂಚದ ತಲೆಯ ಎತ್ತರಕ್ಕೆ ಅದನ್ನು ತೂಗುಹಾಕಿದರು. ನನಗೆ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕಿತು, ಹೇಳಲಿಲ್ಲ.

ಬೆಳಿಗ್ಗೆ ಮಾವ ಹೇಳಿದಂತೆ ಒಳಗೆ ಹೋದರು. ನಾನು ಅತ್ತೆಗೆ ಸ್ವೆಟರ್ ತೊಡಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿ, ಬಟ್ಟೆಯ ಚೀಲ ಪಕ್ಕದಲ್ಲಿಟ್ಟೆ. ಅತ್ತೆ ಚೀಲ ನೋಡಿದರು, ನನ್ನನ್ನು ನೋಡಿದರು. ಬಾಯಿ ಅಲುಗಿತು. ಈ ಸಲ ನಾನು ಕಾದೆ.

“ಅವರು?”

“ಒಳಗಿದಾರೆ ಅತ್ತೆ. ಒಲೆ ಪರೀಕ್ಷೆ ಮಾಡ್ತಿದಾರೆ. ಒಬ್ಬರೇ ಕೂತಿದಾರೆ.”

ಅತ್ತೆ ಎಡಗೈಯಿಂದ ಕುರ್ಚಿಯ ತೋಳನ್ನು ಬಡಿದರು. “ನಾನೂ.”

“ಅಮ್ಮ, ಬೇಡಮ್ಮ,” ಎಂದು ಗಂಡ ಮುಂದೆ ಬಂದರು. “ಮೊನ್ನೆ ಏನಾಯ್ತು ಗೊತ್ತಲ್ವಾ?”

“ನಾನೂ,” ಎಂದು ಮತ್ತೆ ಬಡಿದರು. ಬೀದಿಯ ಬಾಯಿ ಮುಚ್ಚಿಸುತ್ತಿದ್ದ ಹಳೆಯ ಅತ್ತೆ ಆ ಎರಡಕ್ಷರದಲ್ಲಿ ಪೂರ್ತಿಯಾಗಿ ಇದ್ದರು. ಗಂಡ ನನ್ನ ಕಡೆ ನೋಡಿದರು. ನಾನಾಗಲೇ ಕುರ್ಚಿಯ ಹಿಡಿಯ ಮೇಲೆ ಕೈಯಿಟ್ಟಿದ್ದೆ.

ಅತ್ತೆಯ ಹಿಂದೆ ನಾವೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ಒಲೆ ಉರಿಯುತ್ತಿತ್ತು. ಗೋಡೆಯ ಪೈಪಿನಲ್ಲಿ ಗಾಳಿ ಸುಯ್ ಎಂದು ಒಳಗೆ ನುಗ್ಗುತ್ತಿತ್ತು. ಮೇಲಿನ ಬಲೆಯಿಂದ ಮಾತ್ರ ತಣ್ಣನೆಯ ಗಾಳಿ ನೇರ ಕತ್ತಿನ ಮೇಲೆ ಬೀಳುತ್ತಿತ್ತು. ಮಾವ ಅತ್ತೆಯ ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡರು. ನಾಲ್ವರೂ ಆ ಬಿಳಿ ಡಬ್ಬಿಯ ಮೇಲೆ ಕಣ್ಣು ನೆಟ್ಟು ಕೂತೆವು. ಅದು ತೆಪ್ಪಗಿತ್ತು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು, ಹಾರ್ನ್ ಆಯಿತು.

ಆಗಲೇ ಅತ್ತೆ ಅಂದರು, “ಚಳಿ.”

ಗಂಡನ ಮುಖ ಇಳಿಯಿತು. ಇನ್ನೇನು ಉಳಿಯಿತು ಎಂಬಂತೆ ಏಳಲು ಹೋದರು. ಅವರಿಗಿಂತ ಮೊದಲು ಮಾವ ಎದ್ದಿದ್ದರು. ಹೊದ್ದಿದ್ದ ಶಾಲನ್ನು ತೆಗೆದು, ಮಡಿಸುತ್ತ ಮಡಿಸುತ್ತ ಕಿಟಕಿಯ ಹತ್ತಿರ ಹೋದರು. ಆ ಮಡಿಕೆ ಆ ಬಲೆಗೆ ಸರಿಯಾಗಿ ಕೂರುವಷ್ಟೇ ಇತ್ತು. ನನಗೆ ಕೂಗಬೇಕೆನ್ನಿಸಿತು, ಹಲ್ಲು ಕಚ್ಚಿ ತಡೆದುಕೊಂಡೆ. ಕೈ ಮೇಲೆ ಹೋಯಿತು, ಬಲೆಯ ತನಕ ಹೋಯಿತು. ಅಲ್ಲೇ ನಿಂತಿತು.

ಆಮೇಲೆ ಮಾವ ಹಿಂದಕ್ಕೆ ಬಂದರು. ಮಡಿಕೆ ಬಿಚ್ಚಿ ಅತ್ತೆಯ ತಲೆಯಿಂದ ಮಂಡಿಯವರೆಗೆ ಹೊದಿಸಿದರು. ನೆಲದ ಮೇಲೆ ಕೂತು, ಅವರ ಎರಡೂ ಪಾದಗಳನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಉಜ್ಜತೊಡಗಿದರು. ಬರಿಯ ಅಂಗಿಯಲ್ಲಿದ್ದರು. ಗಾಳಿ ಅವರ ಬೆನ್ನಿಗೆ ಬೀಸುತ್ತಿತ್ತು.

“ಈಗ?” ಎಂದು ಕೇಳಿದರು.

ಅತ್ತೆ ತಡಮಾಡಿದರು. ತುಟಿ ಒಂದೆರಡು ಸಲ ಸೋತಿತು. ಗಂಡ ಅಮ್ಮನ ಬಾಯನ್ನೇ ನೋಡುತ್ತಿದ್ದರು.

“ಇಲ್ಲೇ,” ಅಂದರು ಅತ್ತೆ. “ಇಲ್ಲೇ... ಇರ್ತೀನಿ.”

ಲಕ್ವ ಹೊಡೆದ ಮೇಲೆ ಎರಡು ಶಬ್ದವನ್ನು ಅವರು ಕೂಡಿಸಿದ್ದು ಅದೇ ಮೊದಲು. ಹೊರಗೆ ಹಾರ್ನ್ ಮತ್ತೆ ಆಯಿತು. ಟೈಂಕೀಪರ್ ಕಣ್ಣೊರೆಸಿಕೊಂಡು ಎದ್ದು ಹೋಗಿ, ಗಾಡಿಯನ್ನು ಖಾಲಿ ಕಳಿಸಿ ಬಂದರು.