ಮಾರ್ಲಿಸ್ ಜೋಡಿಸಿದ ಮೋರ್ಸ್ ಪೆಟ್ಟಿಗೆ

೧
ಎಲ್ಲಿಂದ ಶುರು ಮಾಡಲಿ? ಓರಿನ್ ಅವರ ಕಿವಿಯಿಂದಲೋ, ಮಾರ್ಲಿಸ್ ಅವರ ಬೆಸುಗೆ ಕಡ್ಡಿಯಿಂದಲೋ? ಕಿವಿಯಿಂದ ಶುರು ಮಾಡಿದರೆ ನೀವು ಅಯ್ಯೋ ಪಾಪ ಅನ್ನುತ್ತೀರಿ. ಓರಿನ್‌ಗೆ ಅದು ಆಗಿಬರದು.

(ಮೊದಲ ಡ್ರಾಫ್ಟು ನಮ್ಮ ಡುಲೂತ್ ಊರಿನ ಸರೋವರದ ಮೇಲಿನ ಮಂಜಿನಿಂದ ಶುರುವಾಗಿತ್ತು. ಹರಿದು ಹಾಕಿದೆ. ನಮ್ಮ ಬೀದಿಯಲ್ಲಿ ಸರೋವರ ನೋಡುತ್ತಾ ಕೂರಲು ಯಾರಿಗೂ ಪುರಸೊತ್ತಿಲ್ಲ.)

೨
ನೇರವಾಗಿಯೇ ಹೇಳಿಬಿಡುತ್ತೇನೆ. ಪಕ್ಕದ ಮನೆಯ ಓರಿನ್ ಟೋಲೆಫ್ಸನ್ ಹವ್ಯಾಸಿ ರೇಡಿಯೋದವರು. ಶನಿವಾರ ಬೆಳಗಾದರೆ ಗಡಿಯಾಚೆ ಸಸ್ಕಾಚೆವಾನ್‌ನ ಡ್ವೈಟ್ ಎಂಬಾತನೊಡನೆ ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತದಲ್ಲಿ ಹರಟೆ. ಯೌವನದಿಂದ ಹೀಗೇ. ಒಬ್ಬರ ಮುಖ ಒಬ್ಬರು ನೋಡಿಲ್ಲ.

ಈ ಚಳಿಗಾಲ ಓರಿನ್ ಅವರ ಕಿವಿ ಪೂರ್ತಿ ಕೈಕೊಟ್ಟಿತು. ಮನೆಯವರ ಮಾತನ್ನು ತುಟಿ ನೋಡಿ ಹಿಡಿಯುತ್ತಾರೆ. ಡ್ವೈಟ್‌ನ ತುಟಿ ಎಲ್ಲಿಂದ ತರುವುದು? ಡ್ವೈಟ್‌ಗೆ ತಿಳಿಸದೆಯೇ ರೇಡಿಯೋಗೆ ಟವೆಲ್ ಹೊದಿಸಿದರು. ಅಲ್ಲಿ ಆತ ಕರೆಯುತ್ತಲೇ ಇದ್ದಾನೋ, ಬಿಟ್ಟೇಬಿಟ್ಟನೋ, ಯಾರಿಗೆ ಗೊತ್ತು.

೩
ಆಗ ಅವರ ಹೆಂಡತಿ ಮಾರ್ಲಿಸ್ ಒಂದು ಕಿಟ್ ತರಿಸಿದರು. ಮೋರ್ಸ್‌ನ ಸದ್ದು ಕೇಳಿ ಪುಟ್ಟ ಸ್ಕ್ರೀನಿನ ಮೇಲೆ ಅಕ್ಷರ ಮೂಡಿಸುವ ಪೆಟ್ಟಿಗೆ. ಬಿಡಿಭಾಗಗಳನ್ನು ನಾವೇ ಬೆಸೆಯಬೇಕು. ಜನ್ಮದಲ್ಲಿ ಕೌದಿ ಹೊಲಿದವರೇ ಹೊರತು ಬೆಸುಗೆ ಮುಟ್ಟಿದವರಲ್ಲ. ಬೆರಳು ಸುಟ್ಟುಕೊಂಡರು, ಒಂದು ಭಾಗವನ್ನು ತಿರುಗಾಮುರುಗಾ ಕೂರಿಸಿ ಮತ್ತೆ ಕಿತ್ತರು, ಬಿಡಲಿಲ್ಲ. ನನಗೆ ಈ ಹೆಂಗಸಿನ ಮೇಲೆ ಬಲು ಅಭಿಮಾನ. ಲೇಖಕ ತಟಸ್ಥನಾಗಿರಬೇಕಂತೆ. ಆಗಲಿಲ್ಲ, ಏನೀಗ?

ಕಂಪ್ಯೂಟರಿನಿಂದ ಮೋರ್ಸ್ ಅಭ್ಯಾಸದ ಪಾಠ ನುಡಿಸಿ, ತಿರುಪು ತಿರುಗಿಸಿ ಹೊಂದಿಸಿದರು. ಅಕ್ಷರಗಳು ಮುತ್ತು ಪೋಣಿಸಿದಂತೆ ಬಂದವು.

೪
ಶನಿವಾರ. ನಾನೂ ಪಕ್ಕದಲ್ಲಿದ್ದೆ. ಮಾರ್ಲಿಸ್ ಟವೆಲ್ ತೆಗೆದರು. ಸ್ಕ್ರೀನಿನ ಮೇಲೆ: ಇ ಇ ಟಿ ಇ ಟಿ ಟಿ ಇ.

"ಬರೀ ಗದ್ದಲ," ಎಂದರು ಓರಿನ್. "ಒಂದು ಚುಕ್ಕಿ ಸಿಕ್ರೆ ಇ, ಒಂದು ಗೆರೆ ಸಿಕ್ರೆ ಟಿ. ಗುಡುಗಿಗೂ ಇದು ಅಕ್ಷರ ಬರೆಯುತ್ತೆ. ಮುಚ್ಚಿಡು ಅತ್ಲಾಗೆ."

"ಮೊದ್ಲು ನಿನ್ನ ಬಾಯಿ ಮುಚ್ಚು, ಮಾರಾಯ," ಎಂದರು ಮಾರ್ಲಿಸ್.

[ಇಲ್ಲಿ ಕಿಟ್ ಕೆಟ್ಟಿತು ಎಂದು ಒಂದು ದುಃಖಾಂತ್ಯ ಬರೆದಿದ್ದೆ. ಮಾರ್ಲಿಸ್ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದರು. "ನನ್ನ ಬೆಸುಗೆಗೆ ಹೆಸರಿಟ್ರೆ ನಿಂಗೆ ಇವತ್ತು ಕಾಫಿ ಇಲ್ಲ ಕಣಪ್ಪ." ಹೊಡೆದು ಹಾಕಿದೆ.]

ಪೆಟ್ಟಿಗೆಯ ಮೂಲೆಯಲ್ಲಿ ಒಂದು ಕೆಂಪು ದೀಪವಿದೆ. ಸದ್ದು ಬಂದಾಗ ಹೊತ್ತುತ್ತದೆ, ನಿಂತಾಗ ಆರುತ್ತದೆ. ಓರಿನ್ ಅಕ್ಷರ ಬಿಟ್ಟು ಅದನ್ನೇ ನೋಡತೊಡಗಿದರು. ಕುತ್ತಿಗೆ ಉದ್ದವಾಯಿತು.

"ಗದ್ದಲ ಅಲ್ಲ ಇದು! ಡ್ವೈಟೇ! ಕೊನೇ ಗೆರೇನ ಉದ್ದಕ್ಕೆ ಎಳೀತಾನೆ ನೋಡು, ಹಿಮದಲ್ಲಿ ಬೂಟು ಎಳ್ಕೊಂಡು ಹೋಗೋ ಹಾಗೆ!"

ಒಬ್ಬೊಬ್ಬರ ಕೈಗೆ ಒಂದೊಂದು ನಡಿಗೆ. ಯಂತ್ರದ ಸಮತಾಳಕ್ಕೆ ಹೊಂದಿಸಿದ ಪೆಟ್ಟಿಗೆಗೆ ಆ ಎಳೆತ ಅರ್ಥವಾಗಿರಲಿಲ್ಲ. ಓರಿನ್‌ಗೆ ಅದೇ ಗುರುತು.

ಆದರೆ ಕಿವಿ ಹಿಡಿಯುವ ವೇಗವನ್ನು ಕಣ್ಣು ಹಿಡಿಯದು. ನಿಧಾನ ಮಾಡೆಂದು ಕೇಳಬೇಕು. ಹೊಸಬರು ಕೇಳುವ ಮಾತು ಅದು. ಓರಿನ್ ಯಾರನ್ನೂ ಹಾಗೆ ಕೇಳಿದವರಲ್ಲ.

"ಕೇಳು," ಎಂದರು ಮಾರ್ಲಿಸ್. "ನಾನು ಬೆರಳು ಸುಟ್ಕೊಂಡಿದ್ದು ನಿನ್ನ ಜಂಭ ಕಾಪಾಡಕ್ಕಲ್ಲ."

೫
ಅಂತ್ಯಗಳು. ಡ್ವೈಟ್‌ಗೂ ಕಿವಿ ಹೋಗಿತ್ತು ಎನ್ನಲೇ? ("ಥೂ, ಸಿನಿಮಾ," ಎಂದರು ಓರಿನ್.) ಅಥವಾ ಅಷ್ಟರಲ್ಲಿ ಆತ ಬೇಸತ್ತು ಎದ್ದುಹೋದ ಎನ್ನಲೇ? (ಮಾರ್ಲಿಸ್ ನೋಡಿದ ನೋಟಕ್ಕೆ ಪೆನ್ನು ಕೆಳಗಿಟ್ಟೆ.)

ನಾನು ಕಂಡದ್ದು ಇಷ್ಟು. ಓರಿನ್ ಸಂಕೇತ ಕಳಿಸುವ ಕೀ ಮೇಲೆ ಕೈಯಿಟ್ಟು ಒತ್ತಿದರು. ಒತ್ತುತ್ತಾ ಬಾಯಲ್ಲೂ ಹೇಳಿಕೊಂಡರು: "ನಿಧಾನ ಮಾಡು. ಕಿವಿ ಹೋಯ್ತು. ನಾನು ಇಲ್ಲೇ ಇದ್ದೀನಿ."

ದೀಪ ಆರಿಯೇ ಇತ್ತು. ಮಾರ್ಲಿಸ್ ಗಂಡನ ಅಂಗಿಯ ಚುಂಗು ಹಿಡಿದುಕೊಂಡಿದ್ದರು.

ಆಮೇಲೆ ಹೊತ್ತಿತು. ಮಗುವಿಗೆ ತುತ್ತು ಕೊಡುವಷ್ಟು ನಿಧಾನವಾಗಿ, ಒಂದೊಂದೇ ಚುಕ್ಕಿ, ಒಂದೊಂದೇ ಗೆರೆ. ಸ್ಕ್ರೀನಿನ ಮೇಲೂ ಅಕ್ಷರ ಮೂಡತೊಡಗಿತು. ನಾನು ಓದಲು ಬಗ್ಗಿದೆ.

"ಏಯ್, ಅದು ಅವನಿಗೆ ಬಂದಿದ್ದು," ಎಂದು ಮಾರ್ಲಿಸ್ ಅಂಗೈಯಿಂದ ಸ್ಕ್ರೀನ್ ಮುಚ್ಚಿದರು.

ಆಕಾಶಕ್ಕೆ ಬಿಟ್ಟ ಮಾತು, ಯಾರು ಬೇಕಾದರೂ ಕೇಳಬಹುದು ಎಂದು ವಾದಿಸಿದೆ. ಆಕೆ ಕೈ ತೆಗೆಯಲಿಲ್ಲ. ಓರಿನ್‌ಗೆ ಸ್ಕ್ರೀನ್ ಬೇಕಿರಲಿಲ್ಲ. ದೀಪ ನೋಡುತ್ತಾ ಕಣ್ಣೊರೆಸಿಕೊಂಡರು, ಗಟ್ಟಿಯಾಗಿ ನಕ್ಕರು, ಮತ್ತೆ ಕೀ ಕಡೆ ಕೈ ಚಾಚಿದರು.